ಹತ್ತು ಡಾಲರಿನ ಕಾನೂನು

1846ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ಒಂದು ವಕೀಲರ ಕಚೇರಿಗೆ ವಯಸ್ಸಾದ ವಿಧವೆಯೊಬ್ಬರು ಕುಂಟುತ್ತ ಬಂದರು. ಅವರ ಗಂಡ ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಸೈನಿಕನಾಗಿದ್ದವನು. ಸರ್ಕಾರ ಆಕೆಗೆ 400 ಡಾಲರು ಪಿಂಚಣಿಯ ಹಣ ಮಂಜೂರು ಮಾಡಿತ್ತು. ಅರ್ಜಿ ಬರೆದು ಆ ಹಣ ತರಿಸಿಕೊಟ್ಟ ರೈಟ್ ಎಂಬ ಪಿಂಚಣಿ ಏಜೆಂಟ್ ತನ್ನ ಕೂಲಿ ಎಂದು ಅದರಲ್ಲಿ 200 ಡಾಲರು ಹಿಡಿದುಕೊಂಡಿದ್ದ. ಆಕೆಯ ದೂರನ್ನು ಕೇಳಿದ ವಕೀಲರು ಮೊದಲು ಏಜೆಂಟನ ಬಳಿಗೆ ತಾವೇ ಹೋಗಿ ಹಣ ಹಿಂದಿರುಗಿಸೆಂದು ಕೇಳಿದರು. ಅವನು ಒಪ್ಪಲಿಲ್ಲ. ಮೊಕದ್ದಮೆ ಹೂಡಿದರು. ಆ ವಕೀಲರ ಹೆಸರು ಅಬ್ರಹಾಂ ಲಿಂಕನ್.

ಲಿಂಕನ್ನರ ಜೊತೆಗಾರ ವಕೀಲ ವಿಲಿಯಂ ಹರ್ನ್‌ಡನ್ ಈ ಪ್ರಸಂಗವನ್ನು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ವಾದದ ಹಿಂದಿನ ದಿನ ಲಿಂಕನ್ ಸ್ವಾತಂತ್ರ್ಯ ಸಮರದ ಚರಿತ್ರೆಯ ಪುಸ್ತಕ ತರಿಸಿಕೊಂಡು ಓದಿದರಂತೆ. ನ್ಯಾಯಾಲಯದಲ್ಲಿ, ವ್ಯಾಲಿ ಫೋರ್ಜ್‌ನ ಚಳಿಗಾಲದಲ್ಲಿ ಬರಿಗಾಲಿನಿಂದ ಹಿಮದ ಮೇಲೆ ರಕ್ತದ ಹೆಜ್ಜೆ ಮೂಡಿಸಿದ ಸೈನಿಕರನ್ನು ವರ್ಣಿಸಿ ಪಂಚರ ಕಣ್ಣಲ್ಲಿ ನೀರು ತರಿಸಿದರಂತೆ. ವಾದಕ್ಕೆಂದು ಬರೆದುಕೊಂಡ ಟಿಪ್ಪಣಿಯಲ್ಲಿ ಪ್ರತಿವಾದಿಯ ಚರ್ಮ ಸುಲಿಯಬೇಕೆಂಬ ಅರ್ಥದ ಒಂದು ಅಂಶವೂ ಇತ್ತಂತೆ. ಹರ್ನ್‌ಡನ್ ಕಥೆಗಾರಿಕೆಯ ಮನುಷ್ಯ, ಬಣ್ಣ ಸ್ವಲ್ಪ ಹೆಚ್ಚೇ ಬಳಿದಿರಬಹುದು. ಆದರೆ ಮೊಕದ್ದಮೆ ನಡೆದದ್ದು ನಿಜ, ತೀರ್ಪು ವಿಧವೆಯ ಕಡೆಗೆ ಬಂದದ್ದೂ ನಿಜ. ಲಿಂಕನ್ ಆಕೆಯಿಂದ ಶುಲ್ಕ ತೆಗೆದುಕೊಳ್ಳದೆ, ತಂಗಿದ ಖರ್ಚನ್ನೂ ತಾವೇ ಕೊಟ್ಟು ಕಳುಹಿಸಿದರೆಂದು ಹರ್ನ್‌ಡನ್ ಹೇಳುತ್ತಾರೆ.

ಇದಾದ ಹದಿನಾರು ವರ್ಷಗಳ ಮೇಲೆ, ಅಂತರ್ಯುದ್ಧದ ನಡುವೆ, 1862ರ ಜುಲೈ 14ರಂದು ಅದೇ ಲಿಂಕನ್ ಅಧ್ಯಕ್ಷರಾಗಿ ಒಂದು ಪಿಂಚಣಿ ಕಾನೂನಿಗೆ ಸಹಿ ಮಾಡಿದರು. ಗಾಯಗೊಂಡ ಸೈನಿಕನಿಗೂ ಸತ್ತವನ ವಿಧವೆಗೂ ಪಿಂಚಣಿ ಕೊಡುವ ಆ ಕಾನೂನಿನೊಳಗೆ, ಅರ್ಜಿ ಬರೆದುಕೊಡುವವನು ಎಷ್ಟು ಹಣ ಕೇಳಬಹುದೆಂಬುದಕ್ಕೂ ಒಂದು ಮಿತಿಯಿತ್ತು. ಆ ಮಿತಿಯ ಚರಿತ್ರೆಯೇ ಈ ಬರಹದ ವಿಷಯ. ಪಿಂಚಣಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮಂಥ ಸರ್ಕಾರಿ ನೌಕರರ ಮನಸ್ಸು ತಾನಾಗಿ ಅತ್ತ ತಿರುಗುತ್ತದೆ ಎಂಬುದನ್ನು ಓದುಗರು ಕ್ಷಮಿಸಬೇಕು. ಆದರೆ ಈ ಚರಿತ್ರೆ ಲೆಕ್ಕಪತ್ರದ ಚರಿತ್ರೆ ಮಾತ್ರವಲ್ಲ. ಅಸಹಾಯಕನನ್ನು ಕಾಪಾಡಲು ಹೊರಟ ಕಾನೂನು ಯಾರನ್ನು ಕಾಪಾಡಿತು, ಎಷ್ಟು ಕಾಲ ಕಾಪಾಡಿತು, ಯಾವಾಗ ತಾನೇ ಅಡ್ಡಗೋಡೆಯಾಯಿತು ಎಂಬ ಪ್ರಶ್ನೆಗಳು ಇದರಲ್ಲಿವೆ.

ಸೈನಿಕನ ಹಣಕ್ಕೆ ದಲ್ಲಾಳಿ ಗಂಟುಬಿದ್ದದ್ದು ಅಮೆರಿಕದಷ್ಟೇ ಹಳೆಯ ಕಥೆ. 1783ರಲ್ಲಿ ಸ್ವಾತಂತ್ರ್ಯ ಸಮರ ಮುಗಿದಾಗ ಬೊಕ್ಕಸದಲ್ಲಿ ಹಣವಿರಲಿಲ್ಲ. ಬಾಕಿ ಸಂಬಳಕ್ಕೆ ಬದಲಾಗಿ ಸೈನಿಕರ ಕೈಗೆ ಸಾಲಪತ್ರಗಳನ್ನು ಕೊಟ್ಟು ಮನೆಗೆ ಕಳುಹಿಸಿದರು. ಊರಿಗೆ ಹೋಗಿ ಉಳುಮೆ ಶುರುಮಾಡಬೇಕಾದವನಿಗೆ ಎತ್ತು, ಬೀಜ, ಉಪ್ಪು ಬೇಕು. ಸಾಲಪತ್ರವನ್ನು ಎಷ್ಟು ದಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಾನು? ಮುಖಬೆಲೆಯ ಕಾಲುಭಾಗಕ್ಕೂ ಕಡಿಮೆ ಬೆಲೆಗೆ ಸಾವಿರಾರು ಮಂದಿ ಮಾರಿಬಿಟ್ಟರು. 1790ರಲ್ಲಿ ಖಜಾನೆಯ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಈ ಪತ್ರಗಳಿಗೆ ಪೂರ್ತಿ ಬೆಲೆ ಕೊಡುವುದಾಗಿ ಯೋಜನೆ ಮಂಡಿಸಿದರು. ಬೆಲೆ ಯಾರಿಗೆ? ಈಗ ಪತ್ರ ಯಾರ ಕೈಯಲ್ಲಿದೆಯೋ ಅವರಿಗೆ. ಜೇಮ್ಸ್ ಮ್ಯಾಡಿಸನ್ ಇದಕ್ಕೆ ಅಡ್ಡ ಬಂದರು. ಕೊಂಡವರಿಗೆ ಮಾರುಕಟ್ಟೆಯ ಅತಿಹೆಚ್ಚಿನ ದರ ಕೊಡೋಣ, ಉಳಿದದ್ದನ್ನು ರಕ್ತ ಸುರಿಸಿದ ಮೂಲ ಸೈನಿಕನಿಗೆ ಸಲ್ಲಿಸೋಣ ಎಂಬುದು ಅವರ ಸೂಚನೆ. ಸಭೆ ಅದನ್ನು 36ಕ್ಕೆ 13 ಮತಗಳಿಂದ ತಳ್ಳಿಹಾಕಿತು. ಕೊಂಡವನು ಕಾನೂನಿನಂತೆ ಕೊಂಡಿದ್ದಾನೆ, ಮಾರಿದವನು ಒಪ್ಪಿಯೇ ಮಾರಿದ್ದಾನೆ, ನಡುವೆ ಸರ್ಕಾರಕ್ಕೇನು ಕೆಲಸ ಎಂಬುದು ಎದುರು ಪಕ್ಷದ ವಾದದ ತಿರುಳು. ಈ ವಾದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇನ್ನೂರು ವರ್ಷ ಕಳೆದ ಮೇಲೆ ಅದು ಬೇರೆ ಬಟ್ಟೆ ತೊಟ್ಟು ಮತ್ತೆ ಬರುತ್ತದೆ.

1818ರಲ್ಲಿ ಅಧ್ಯಕ್ಷ ಮನ್ರೋ ಕಾಲದಲ್ಲಿ ಬಡ ಮಾಜಿ ಸೈನಿಕರಿಗೆ ಪಿಂಚಣಿ ಬಂತು. ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 8 ಡಾಲರು, ಅಧಿಕಾರಿಗೆ 20. ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಅರ್ಜಿಗಳು ಬಂದವು. ಮೋಸವಿದೆಯೆಂಬ ಕೂಗೆದ್ದು, 1820ರಲ್ಲಿ ಪ್ರತಿಯೊಬ್ಬ ಪಿಂಚಣಿದಾರನೂ ನ್ಯಾಯಾಲಯಕ್ಕೆ ಬಂದು ತನ್ನ ಆಸ್ತಿಯ ಪಟ್ಟಿಯನ್ನು ಪ್ರಮಾಣ ಮಾಡಿ ಒಪ್ಪಿಸಬೇಕೆಂದಾಯಿತು. ಹಸು, ಕೊಡಲಿ, ಒಡಕು ಕುರ್ಚಿ, ಕಬ್ಬಿಣದ ಪಾತ್ರೆ ಎಲ್ಲವನ್ನೂ ಬರೆಸಬೇಕು. ಬಡತನಕ್ಕೂ ಸಾಕ್ಷಿ ಕೇಳಿದ ಮೇಲೆ, ಸಾಕ್ಷಿ ಹೊಂದಿಸಿಕೊಡುವವನು ಹುಟ್ಟಿಕೊಳ್ಳದೆ ಇರುತ್ತಾನೆಯೇ? ಅರ್ಜಿಗೂ ಅರ್ಜಿದಾರನಿಗೂ ನಡುವೆ ಇರುವ ದೂರವೇ ದಲ್ಲಾಳಿಯ ಜಮೀನು. ಸರ್ಕಾರ ಒಂದು ಹೊಸ ಕಲಮು ಸೇರಿಸಿದಾಗಲೆಲ್ಲ ಆ ಜಮೀನು ಒಂದು ಗುಂಟೆ ಹಿಗ್ಗುತ್ತದೆ. ಲಿಂಕನ್ನರ ಬಳಿಗೆ ಬಂದ ವಿಧವೆಯನ್ನು ಸುಲಿದವನು ಈ ಜಮೀನಿನ ಒಬ್ಬ ಸಣ್ಣ ಒಕ್ಕಲಿಗನಷ್ಟೆ.

1862ಕ್ಕೆ ಬರೋಣ. ಆ ಕಾನೂನಿನಂತೆ ಪೂರ್ಣ ಅಂಗವಿಕಲನಾದ ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 8 ಡಾಲರು. ಅದನ್ನು ಪಡೆಯಲು ಅವನು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಅರ್ಜಿ ಹಾಕಬೇಕು. ಗಾಯ ಸೇವೆಯಲ್ಲಿದ್ದಾಗಲೇ ಆದದ್ದೆಂದು ಅವನ ಅಧಿಕಾರಿಯೋ ದಳದ ವೈದ್ಯನೋ ಹೇಳಿಕೆ ಕೊಡಬೇಕು. ಅವರು ಸತ್ತಿದ್ದರೆ ಇಬ್ಬರು ಜೊತೆಗಾರ ಸೈನಿಕರ ಸಾಕ್ಷ್ಯ. ಅರ್ಜಿದಾರ ಅವನೇ ಎನ್ನುವುದಕ್ಕೆ ಮತ್ತಿಬ್ಬರು. ಇಷ್ಟೂ ಕಾಗದಗಳು ವಾಷಿಂಗ್ಟನ್ನಿಗೆ ಹೋಗಿ, ಯುದ್ಧ ಇಲಾಖೆಯ ದಾಖಲೆಯೊಂದಿಗೆ ತಾಳೆಯಾಗಬೇಕು. ಅಯೋವಾದ ಹಳ್ಳಿಯಲ್ಲಿ ಒಂದು ಕಾಲಿಲ್ಲದೆ ಕುಳಿತವನು ಇದನ್ನೆಲ್ಲ ಹೇಗೆ ಮಾಡಿಯಾನು? ಮಾಡಿಕೊಡುವವರು ಬೇಕೇ ಬೇಕು. ಅದನ್ನು ಕಾಂಗ್ರೆಸ್ಸೂ ಅರಿತಿತ್ತು. ಆದ್ದರಿಂದ ಏಜೆಂಟರನ್ನು ನಿಷೇಧಿಸದೆ ಅವರ ಕೂಲಿಗೆ ಲಗಾಮು ಹಾಕಿತು. ಅರ್ಜಿಗೆ 5 ಡಾಲರು, ಹೆಚ್ಚಿನ ಪ್ರತಿ ಪ್ರಮಾಣಪತ್ರಕ್ಕೆ ಒಂದೂವರೆ ಡಾಲರು. ಮೀರಿದವನಿಗೆ 300 ಡಾಲರವರೆಗೆ ದಂಡ ಅಥವಾ ಎರಡು ವರ್ಷದವರೆಗೆ ಕಠಿಣ ಸಜೆ, ಬೇಕಾದರೆ ಎರಡೂ. 1864ರ ಜುಲೈ 4ರ ತಿದ್ದುಪಡಿಯಲ್ಲಿ ಮಿತಿ 10 ಡಾಲರಿಗೆ ಏರಿತು. ಆ ಹತ್ತು ಡಾಲರು ಅಂದಿಗೆ ಸಣ್ಣ ಮೊತ್ತವಲ್ಲ. ಸೈನಿಕನ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚು.

ಮುಂದಿನ ಇಪ್ಪತ್ತು ವರ್ಷ ಈ ಮಿತಿಯೊಂದಿಗೆ ಕಾಂಗ್ರೆಸ್ ಆಡಿದ ಆಟವನ್ನು ನೋಡಿದರೆ ಯಾವ ಕಚೇರಿಯ ಸುತ್ತೋಲೆಗಳನ್ನೂ ನಾವು ಬೈಯಬೇಕಾಗಿಲ್ಲ ಎನಿಸುತ್ತದೆ. 1870ರಲ್ಲಿ, ಬರಹದ ಒಪ್ಪಂದವಿದ್ದರೆ 25 ಡಾಲರವರೆಗೂ ಇರಲಿ, ಆದರೆ ಪಿಂಚಣಿ ಮಂಜೂರಾದ ಮೇಲೆ ಅದರಿಂದಲೇ ಸಲ್ಲಲಿ ಎಂದರು. 1878ರಲ್ಲಿ ಮತ್ತೆ 10ಕ್ಕೆ ಇಳಿಸಿದರು. ಇಳಿಸುವ ಭರದಲ್ಲಿ, ಹಣ ಮಂಜೂರಾತಿಯ ನಂತರವೇ ಸಲ್ಲಬೇಕೆಂಬ ಕಟ್ಟನ್ನೂ ತೆಗೆದುಬಿಟ್ಟರು. ಮೇಲ್ನೋಟಕ್ಕೆ ಸೈನಿಕನಿಗೆ 15 ಡಾಲರಿನ ಉಳಿತಾಯ. ಒಳಗಿನ ಫಲ ಬೇರೆಯೇ. ಈಗ ಏಜೆಂಟ್ ಮುಂಗಡವಾಗಿಯೇ ಹತ್ತು ಡಾಲರು ತೆಗೆದುಕೊಳ್ಳಬಹುದು. ಅರ್ಜಿ ಗೆದ್ದರೂ ಅವನ ಹಣ ಅವನದೇ, ಬಿದ್ದರೂ ಅವನದೇ. ಗೆಲ್ಲುವ ಅರ್ಜಿಯನ್ನು ಆರಿಸಿ ಶ್ರಮಪಡುವುದಕ್ಕಿಂತ ಸಾವಿರಾರು ಅರ್ಜಿಗಳನ್ನು ಗುಡ್ಡೆಹಾಕುವುದೇ ಲಾಭ.

ಆ ಗುಡ್ಡೆಗೆ ಬೆಂಕಿ ಹತ್ತಿಸಿದ್ದು 1879ರ ಜನವರಿ 25ರಂದು ಅಧ್ಯಕ್ಷ ಹೇಯ್ಸ್ ಸಹಿ ಮಾಡಿದ ಬಾಕಿ ಪಿಂಚಣಿಯ ಕಾನೂನು. ಅರ್ಜಿ ಎಂದೇ ಹಾಕಿರಲಿ, ಪಿಂಚಣಿಯನ್ನು ಸೇವೆಯಿಂದ ಬಿಡುಗಡೆಯಾದ ದಿನದಿಂದಲೇ ಲೆಕ್ಕಹಾಕಿ ಬಾಕಿಯನ್ನು ಒಟ್ಟಿಗೆ ಕೊಡಬೇಕೆಂದು ಅದು ಹೇಳಿತು. ಹದಿನೈದು ವರ್ಷಗಳ ಬಾಕಿ ಒಂದೇ ಕಂತಿನಲ್ಲಿ ಕೈಸೇರುತ್ತದೆಂದರೆ ಯಾರು ಸುಮ್ಮನಿರುತ್ತಾರೆ? ಮೊದಲ ಪಾವತಿಯ ಸರಾಸರಿಯೇ ಸಾವಿರ ಡಾಲರಿನ ಹತ್ತಿರಕ್ಕೆ ಹೋಯಿತು. ಹೊಸ ಅರ್ಜಿಗಳ ಸಂಖ್ಯೆ ಹಲವು ಪಟ್ಟಾಯಿತು.

ಈ ಕಾಲದ ನಾಯಕನೋ ಖಳನಾಯಕನೋ ಎಂದು ನಮಗೆ ಇಂದಿಗೂ ತೀರ್ಮಾನಿಸಲಾಗದ ಒಬ್ಬ ವ್ಯಕ್ತಿ ಜಾರ್ಜ್ ಲೆಮನ್. ಸ್ವತಃ ಯುದ್ಧದಲ್ಲಿ ಗಾಯಗೊಂಡ ಕ್ಯಾಪ್ಟನ್. ವಾಷಿಂಗ್ಟನ್ನಿನಲ್ಲಿ ಪಿಂಚಣಿ ಏಜೆಂಟನಾಗಿ ದೊಡ್ಡ ವ್ಯವಹಾರ ಬೆಳೆಸಿದವನು. 1877ರಲ್ಲಿ ಇವನು ‘ನ್ಯಾಷನಲ್ ಟ್ರಿಬ್ಯೂನ್’ ಎಂಬ ಪತ್ರಿಕೆ ತೆರೆದ. ಮೊದಲು ಮಾಸಿಕ, 1881ರಿಂದ ವಾರಪತ್ರಿಕೆ. ಬಾಕಿ ಪಿಂಚಣಿಯ ಕಾನೂನು ಬೇಕೆಂದು ಅದು ಗಟ್ಟಿದನಿಯಲ್ಲಿ ಬರೆಯಿತು. ಕಾನೂನು ಬಂದ ಮೇಲೆ, ಯಾರು ಯಾರು ಅರ್ಹರು, ಹೇಗೆ ಅರ್ಜಿ ಹಾಕಬೇಕು ಎಂದು ವಿವರಿಸಿತು. ಅರ್ಜಿ ಹಾಕಿಸಿಕೊಡುವ ಏಜೆಂಟನ ವಿಳಾಸ ಅದೇ ಪತ್ರಿಕೆಯಲ್ಲಿ ಇರುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಪ್ರತಿ ಅರ್ಜಿಗೆ ಹತ್ತೇ ಡಾಲರು, ಕಾನೂನು ಒಪ್ಪಿದಷ್ಟೇ. ಮಿತಿಯೊಳಗೆ ಇದ್ದುಕೊಂಡೇ ಒಬ್ಬ ಮನುಷ್ಯ ಶ್ರೀಮಂತನಾಗಬಹುದು, ಅರ್ಜಿಗಳ ಎಣಿಕೆ ಲಕ್ಷವನ್ನು ಮುಟ್ಟುವಂತಿದ್ದರೆ.

ಹಾಗೆಂದು ಲೆಮನ್ನನನ್ನು ಬರಿಯ ಸುಲಿಗೆಗಾರನೆಂದು ತಳ್ಳಿಹಾಕಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಆ ಪತ್ರಿಕೆ ಸೈನಿಕರಿಂದ ನೆನಪುಗಳನ್ನು ಬರೆಸಿ ಪ್ರಕಟಿಸಿತು. ಸೇನಾಪತಿಗಳ ಆತ್ಮಕಥೆಗಳ ನಡುವೆ ಕಳೆದುಹೋಗುತ್ತಿದ್ದ ಸಾಮಾನ್ಯ ಸಿಪಾಯಿಯ ದನಿ ಇಂದು ಚರಿತ್ರಕಾರರಿಗೆ ಸಿಗುವುದು ಹೆಚ್ಚಾಗಿ ಅದರ ಪುಟಗಳಲ್ಲಿಯೇ. ವ್ಯಾಪಾರಕ್ಕೆಂದು ತೋಡಿದ ಬಾವಿಯಲ್ಲಿ ಊರಿಗೆ ನೀರು ಸಿಕ್ಕ ಹಾಗೆ. ಸರ್ಕಾರ ತಾನೇ ಹೇಳಬೇಕಾಗಿದ್ದ ಮಾತನ್ನು, ಅಂದರೆ ‘ನಿನಗೆ ಇದು ಸಲ್ಲುತ್ತದೆ, ಬಂದು ತೆಗೆದುಕೋ’ ಎಂಬುದನ್ನು, ಹಳ್ಳಿಹಳ್ಳಿಗೆ ಮುಟ್ಟಿಸಿದವನು ಏಜೆಂಟನೇ. 1884ರಲ್ಲಿ ಕಾಂಗ್ರೆಸ್ ಮುಂಗಡದ ಪದ್ಧತಿಯನ್ನು ನಿಲ್ಲಿಸಿ, ಶುಲ್ಕವನ್ನು ಮತ್ತೆ ಮಂಜೂರಾದ ಪಿಂಚಣಿಗೆ ಕಟ್ಟಿಹಾಕಿತು.

ಇದೇ ವರ್ಷಗಳಲ್ಲಿ ವಾಷಿಂಗ್ಟನ್ನಿನಲ್ಲಿ ಪಿಂಚಣಿ ಕಚೇರಿಗೆಂದೇ ಒಂದು ಭಾರಿ ಕಟ್ಟಡ ಎದ್ದಿತು. ಮಾಂಟ್‌ಗೊಮರಿ ಮೆಗ್ಸ್ ಎಂಬ ಸೇನಾ ಎಂಜಿನಿಯರು ಸುಮಾರು ಒಂದೂವರೆ ಕೋಟಿ ಇಟ್ಟಿಗೆಗಳಿಂದ 1882ರಿಂದ 1887ರವರೆಗೆ ಅದನ್ನು ಕಟ್ಟಿಸಿದರು. ಹೊರಗೋಡೆಯ ಸುತ್ತ 1,200 ಅಡಿ ಉದ್ದದ ಸುಟ್ಟಮಣ್ಣಿನ ಶಿಲ್ಪಪಟ್ಟಿ. ಕಾಲಾಳುಗಳು, ಕುದುರೆ ಸವಾರರು, ಗಾಯಾಳುಗಳು, ಸಾಮಾನು ಬಂಡಿಗಳು ಕೊನೆಯಿಲ್ಲದೆ ಕಟ್ಟಡವನ್ನು ಸುತ್ತುತ್ತಲೇ ಇದ್ದಾರೆ. ಪಿಂಚಣಿ ಕಚೇರಿಯ ಸುತ್ತ ಸೈನಿಕ ಹೀಗೆ ಸುತ್ತುತ್ತಿರುವುದನ್ನು ಕಂಡು ಮೆಗ್ಸ್ ಉದ್ದೇಶಿಸದೆ ಇದ್ದ ಅರ್ಥವೊಂದು ನಮಗೆ ಹೊಳೆದರೆ ತಪ್ಪು ನಮ್ಮದೇ. ದೆಹಲಿಯಲ್ಲಿ ತೀನ್ ಮೂರ್ತಿಯ ವೃತ್ತವನ್ನು ಹಾದುಹೋಗುವಾಗಲೂ ಹೀಗೊಂದು ಯೋಚನೆ ಬರುವುದುಂಟು. ಅಲ್ಲಿನ ಮೂರು ಕಂಚಿನ ಯೋಧರಲ್ಲಿ ಒಬ್ಬ ನಮ್ಮ ಮೈಸೂರಿನ ಲ್ಯಾನ್ಸರ್. ಪ್ರತಿಮೆಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾದ ಕಷ್ಟ ಪ್ರತಿಮೆಗಿಲ್ಲ.

ಮೇಲಿನ ಕಥೆಯಲ್ಲಿ ಕಪ್ಪು ಸೈನಿಕರು ಇನ್ನೂ ಬಂದಿಲ್ಲ. ಅವರ ಕಥೆ ಬೇರೆಯೇ ಆದ್ದರಿಂದ ತಡೆದು ಹೇಳಬೇಕಾಯಿತು. ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿದ ಕಪ್ಪು ಸೈನಿಕರು ಸುಮಾರು 1,80,000. ಬಹುಮಂದಿ ಹಿಂದಿನ ದಿನದವರೆಗೆ ಗುಲಾಮರಾಗಿದ್ದವರು. ಓದು ಕಲಿಸುವುದೇ ಅಪರಾಧವಾಗಿದ್ದ ಸೀಮೆಗಳಿಂದ ಬಂದವರು. ಹುಟ್ಟಿದ ದಿನಾಂಕ ಗೊತ್ತಿಲ್ಲ. ಗುಲಾಮರ ಮದುವೆಯನ್ನು ಕಾನೂನು ಮದುವೆಯೆಂದೇ ಗಣಿಸಿರಲಿಲ್ಲವಾಗಿ ಮದುವೆಯ ದಾಖಲೆಯಿಲ್ಲ. ಯಜಮಾನನ ಹೆಸರಿನಲ್ಲಿ ಸೇನೆ ಸೇರಿ, ಸ್ವತಂತ್ರರಾದ ಮೇಲೆ ತಂದೆಯ ಹೆಸರನ್ನೋ ತಾವೇ ಆರಿಸಿದ ಹೆಸರನ್ನೋ ಇಟ್ಟುಕೊಂಡವರು ಎಷ್ಟೋ ಮಂದಿ. ಪಿಂಚಣಿ ಕಚೇರಿಗೆ ಬೇಕಾದ ಒಂದೊಂದು ಕಾಗದವೂ ಅವರ ಬದುಕಿನಿಂದ ಮೊದಲೇ ಕಸಿದುಕೊಂಡಿದ್ದ ವಸ್ತು.

ಏಜೆಂಟರು ಇವರ ಮೇಲೆ ಎಷ್ಟು ಬಗೆಯಲ್ಲಿ ಎರಗಿದರೆಂದರೆ, 1867ರ ಮಾರ್ಚಿಯಲ್ಲಿ ಕಾಂಗ್ರೆಸ್ ವಿಶೇಷ ನಿರ್ಣಯ ಮಾಡಬೇಕಾಯಿತು. ಕಪ್ಪು ಸೈನಿಕರಿಗೆ ಸಲ್ಲಬೇಕಾದ ಬಾಕಿ ಸಂಬಳ ಮತ್ತು ಸೇರ್ಪಡೆಯ ಇನಾಮನ್ನು ಏಜೆಂಟನ ಕೈಗೆ ಕೊಡದೆ ಫ್ರೀಡ್‌ಮೆನ್ಸ್ ಬ್ಯೂರೋ ಮೂಲಕ ನೇರವಾಗಿ ಹಂಚಬೇಕೆಂದು ಅದು ವಿಧಿಸಿತು. ಕಳ್ಳರಿಂದ ತಪ್ಪಿಸಿಕೊಂಡ ಆ ಹಣದ ಮುಂದಿನ ಗತಿಯೇನು? ವಿಮುಕ್ತರ ಉಳಿತಾಯಕ್ಕೆಂದು 1865ರಲ್ಲಿ ಸ್ಥಾಪಿತವಾದ ಫ್ರೀಡ್‌ಮನ್ಸ್ ಬ್ಯಾಂಕಿನಲ್ಲಿ ಅನೇಕರು ಇಟ್ಟರು. ಅದು ತನ್ನದೇ ಬ್ಯಾಂಕೆಂಬ ಭಾವನೆ ಬರುವ ಹಾಗೆ ಸರ್ಕಾರ ನಡೆದುಕೊಂಡಿತ್ತು. ಆಡಳಿತಗಾರರು ಹಣವನ್ನು ಅಪಾಯದ ಸಾಲಗಳಲ್ಲಿ ಕಳೆದರು. 1874ರಲ್ಲಿ ಬ್ಯಾಂಕು ಮುಚ್ಚಿದಾಗ 61,000ಕ್ಕೂ ಹೆಚ್ಚು ಖಾತೆದಾರರ ಸುಮಾರು 30 ಲಕ್ಷ ಡಾಲರು ಸಿಕ್ಕಿಬಿದ್ದಿತು. ಅದರ ಕೊನೆಯ ಕೆಲವು ತಿಂಗಳು ಅಧ್ಯಕ್ಷ ಪದವಿಯನ್ನು ಒಪ್ಪಿಕೊಂಡು ಸಂಕಟಪಟ್ಟವರು ಮಹಾ ವಾಗ್ಮಿ ಫ್ರೆಡರಿಕ್ ಡಗ್ಲಸ್. ದಲ್ಲಾಳಿಯಿಂದ ಕಾಪಾಡಿದರೆ ಸಾಲದು, ಕಾಪಾಡಿದ ಕೈಯನ್ನೂ ನೋಡಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನಮಗೆ ಗೊತ್ತಿಲ್ಲ.

ಹ್ಯಾರಿಯಟ್ ಟಬ್‌ಮನ್ ಹೆಸರನ್ನು ಕೇಳದವರು ಕಡಿಮೆ. ಗುಲಾಮರನ್ನು ರಹಸ್ಯ ದಾರಿಗಳಲ್ಲಿ ಉತ್ತರಕ್ಕೆ ಕರೆತಂದ ಆ ಧೀರ ಮಹಿಳೆ ಯುದ್ಧಕಾಲದಲ್ಲಿ ಸೇನೆಗೆ ದಾದಿಯಾಗಿ, ಗೂಢಚಾರಿಣಿಯಾಗಿ ದುಡಿದಿದ್ದರು. ಅವರ ಗಂಡ ನೆಲ್ಸನ್ ಡೇವಿಸ್ ಮಾಜಿ ಸೈನಿಕ, 1888ರಲ್ಲಿ ತೀರಿಕೊಂಡವರು. 1890ರಲ್ಲಿ ಟಬ್‌ಮನ್ ವಿಧವಾ ಪಿಂಚಣಿಗೆ ಅರ್ಜಿ ಹಾಕಿದರು. ತೊಡಕೇನೆಂದರೆ ಸೇನೆಯ ದಾಖಲೆಯಲ್ಲಿ ಇದ್ದ ಹೆಸರು ನೆಲ್ಸನ್ ಚಾರ್ಲ್ಸ್. ‘ಚಾರ್ಲ್ಸ್’ ಎಂಬುದು ಹಳೆಯ ಯಜಮಾನನ ಮನೆತನದ ಹೆಸರು. ಇಬ್ಬರೂ ಒಬ್ಬನೇ ಎಂದು ಸಾಬೀತು ಮಾಡಲು ಸಾಕ್ಷಿಗಳನ್ನು ಹುಡುಕಬೇಕಾಯಿತು. ಮಂಜೂರಾದದ್ದು 1895ರಲ್ಲಿ, ತಿಂಗಳಿಗೆ 8 ಡಾಲರು. 1899ರಲ್ಲಿ ಅವರ ದಾದಿ ಸೇವೆಯನ್ನೂ ಗಣಿಸಿ 20 ಡಾಲರಿಗೆ ಏರಿಸಿದರು. ದೇಶಕ್ಕೆ ಹೆಸರಾದ ಟಬ್‌ಮನ್ನರಿಗೇ ಐದು ವರ್ಷ ಹಿಡಿಯಿತೆಂದರೆ ಮಿಸಿಸಿಪ್ಪಿಯ ಹತ್ತಿಯ ಹೊಲದ ಒಬ್ಬ ಅನಾಮಿಕ ವಿಧವೆಯ ಪಾಡನ್ನು ಊಹಿಸಿಕೊಳ್ಳಬೇಕು. ಇಂಥ ಅರ್ಜಿಗಳನ್ನು ಪರೀಕ್ಷಿಸಲು ಕಚೇರಿ ಕಳುಹಿಸಿದ ವಿಶೇಷ ತಪಾಸಣಾಧಿಕಾರಿಗಳು ಬರೆದುಕೊಂಡ ಹೇಳಿಕೆಗಳು ಇಂದು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಯಾರನ್ನು ನಂಬಲಾರೆವೆಂದು ಪ್ರಶ್ನಿಸಿದರೋ ಅವರ ಬಾಲ್ಯ, ಮದುವೆ, ಮಾರಾಟ, ಬಿಡುಗಡೆ ಎಲ್ಲವೂ ಆ ಅಪನಂಬಿಕೆಯಿಂದಲೇ ಬರಹಕ್ಕೆ ಇಳಿದವು.

ಟಬ್‌ಮನ್ ಅರ್ಜಿ ಹಾಕಿದ್ದು 1890ರ ಜೂನಿನ ಹೊಸ ಕಾನೂನಿನ ಕೆಳಗೆ. ಗಾಯ ಯುದ್ಧದಲ್ಲೇ ಆಗಿರಬೇಕೆಂಬ ನಿಯಮವನ್ನು ಸಡಿಲಿಸಿದ ಆ ಕಾನೂನಿನಿಂದ ಪಿಂಚಣಿದಾರರ ಸಂಖ್ಯೆ 1893ರಲ್ಲಿ ಒಂಬತ್ತೂವರೆ ಲಕ್ಷವನ್ನು ಮೀರಿತು. ಕೇಂದ್ರ ಸರ್ಕಾರದ ಆದಾಯದಲ್ಲಿ ಹತ್ತರಲ್ಲಿ ನಾಲ್ಕು ಪಾಲು ಪಿಂಚಣಿಗೇ ಹೋಗುತ್ತಿತ್ತು. ಏಜೆಂಟರಿಗೆ ಇದೇ ಸುಗ್ಗಿ. 1889ರಲ್ಲಿ ಕೆಲವು ತಿಂಗಳು ಪಿಂಚಣಿ ಕಮಿಷನರ್ ಆಗಿದ್ದು, ಮಿತಿಮೀರಿದ ಔದಾರ್ಯಕ್ಕಾಗಿ ಪದವಿ ಬಿಡಬೇಕಾಗಿ ಬಂದ ಜೇಮ್ಸ್ ಟ್ಯಾನರ್, ಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡವರು. ಕಚೇರಿ ಬಿಟ್ಟ ಮೇಲೆ ಅವರೂ ಪಿಂಚಣಿ ಅರ್ಜಿಗಳ ವಕೀಲಿಕೆಯನ್ನೇ ಹಿಡಿದರು. ಕೌಂಟರಿನ ಒಳಗೂ ಹೊರಗೂ ನಡುವೆ ಇದ್ದದ್ದು ಒಂದೇ ಬಾಗಿಲು.

ಮೊದಲನೆಯ ಮಹಾಯುದ್ಧದ ಹೊತ್ತಿಗೆ ಪಾಠ ಕಲಿತಿದ್ದೇವೆಂದುಕೊಂಡ ಕಾಂಗ್ರೆಸ್ ಶುಲ್ಕವನ್ನು ಇನ್ನೂ ಬಿಗಿಮಾಡಿ 3 ಡಾಲರಿಗೆ ಇಳಿಸಿತು. ಮಾರ್ಗೋಲಿನ್ ಎಂಬ ವಕೀಲ ಒಂದು ಕೆಲಸಕ್ಕೆ 1,500 ಡಾಲರು ತೆಗೆದುಕೊಂಡು ಶಿಕ್ಷೆಗೊಳಗಾದ. 1925ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. 1924ರಲ್ಲಿ ಮಿತಿ ಮತ್ತೆ ಹಳೆಯ 10ಕ್ಕೆ ಬಂದು ನಿಂತಿತ್ತು. ಹತ್ತು ಡಾಲರಿಗೆ ಕೆಲಸ ಮಾಡುವ ವಕೀಲ ಇಲ್ಲವಾದ ಕಡೆ ಸೈನಿಕರ ಸಂಘಗಳು ಮುಂದೆ ಬಂದವು. 1919ರಲ್ಲಿ ಹುಟ್ಟಿದ ಅಮೆರಿಕನ್ ಲೀಜನ್, ಮರುವರ್ಷದ ಅಂಗವಿಕಲ ಯೋಧರ ಸಂಘ ಮುಂತಾದವು ತರಬೇತಿ ಕೊಟ್ಟ ಕಾರ್ಯಕರ್ತರಿಂದ ಉಚಿತವಾಗಿ ಅರ್ಜಿ ಬರೆಸಿಕೊಡತೊಡಗಿದವು. ದಲ್ಲಾಳಿಯ ಜಮೀನನ್ನು ನಿಜವಾಗಿ ಕಿರಿದುಮಾಡಿದ್ದು ಶಿಕ್ಷೆಯ ಭಯಕ್ಕಿಂತಲೂ ಈ ಉಚಿತ ಸಹಾಯವೇ ಎಂಬುದು ನಮ್ಮ ಅಭಿಪ್ರಾಯ.

ಆ ಹತ್ತು ಡಾಲರು ಮುಂದೆ 1988ರವರೆಗೂ ಹತ್ತೇ ಆಗಿ ಉಳಿಯಿತು. ರೂಪಾಯಿಯ ಬೆಲೆ ಬಲ್ಲ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 1864ರಲ್ಲಿ ನ್ಯಾಯವಾದ ಕೂಲಿಯ ಗಡಿಯಾಗಿದ್ದದ್ದು 1980ರ ಹೊತ್ತಿಗೆ ವಕೀಲನೇ ಬೇಡವೆಂಬ ನಿಷೇಧವಾಯಿತು. ಇದರ ಬಿಸಿ ತಟ್ಟಿದ್ದು ಅಣುಬಾಂಬು ಪರೀಕ್ಷೆಗಳ ಬಳಿ ನಿಲ್ಲಿಸಲ್ಪಟ್ಟ ಸೈನಿಕರಿಗೆ. ದಶಕಗಳ ಮೇಲೆ ಕ್ಯಾನ್ಸರ್ ಬಂದಾಗ, ಅದು ಆ ವಿಕಿರಣದಿಂದಲೇ ಎಂದು ಸಾಧಿಸಬೇಕಾದ ಹೊಣೆ ಅವರ ಮೇಲೆ. ಇದಕ್ಕೆ ವೈದ್ಯ ಬೇಕು, ವಿಜ್ಞಾನಿ ಬೇಕು, ವಾದಿಸಲು ವಕೀಲ ಬೇಕು. ಸಾಲದ್ದಕ್ಕೆ 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ಸೇನಾ ದಾಖಲೆಗಳ ಕೇಂದ್ರದಲ್ಲಿ ಬೆಂಕಿಬಿದ್ದು 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಸುಟ್ಟುಹೋಗಿದ್ದವು. ಯಾರದೋ ಕಡತ ಸುಟ್ಟರೆ ಸಾಕ್ಷಿ ತರಬೇಕಾದವನು ಕಡತ ಇಟ್ಟುಕೊಂಡವನಲ್ಲ, ಕಳೆದುಕೊಂಡವನು.

ವಿಕಿರಣಪೀಡಿತರ ಸಂಘ ಹತ್ತು ಡಾಲರಿನ ಮಿತಿ ಸಂವಿಧಾನ ವಿರೋಧಿಯೆಂದು ಮೊಕದ್ದಮೆ ಹೂಡಿತು. ಕೆಳಗಿನ ನ್ಯಾಯಾಲಯ ಒಪ್ಪಿತು. ಸುಪ್ರೀಂ ಕೋರ್ಟ್ 1985ರ ಜೂನಿನಲ್ಲಿ 6–3ರ ತೀರ್ಪಿನಿಂದ ತಿರಸ್ಕರಿಸಿತು. ಬಹುಮತದ ಪರ ಬರೆದ ನ್ಯಾಯಮೂರ್ತಿ ರೆನ್‌ಕ್ವಿಸ್ಟ್, ಪಿಂಚಣಿಯ ಹಣ ವಕೀಲನೊಂದಿಗೆ ಪಾಲಾಗದೆ ಇಡಿಯಾಗಿ ಸೈನಿಕನಿಗೆ ಸೇರಬೇಕೆಂಬ ಕಾಂಗ್ರೆಸ್ಸಿನ ಉದ್ದೇಶವನ್ನು ಗೌರವಿಸಬೇಕೆಂದರು. ಈ ಕಚೇರಿಯ ವಿಚಾರಣೆ ಎದುರಾಳಿಗಳ ಜಗಳವಲ್ಲ, ಸರ್ಕಾರ ತಾನೇ ಅರ್ಜಿದಾರನ ಕೈಹಿಡಿಯುವ ಪದ್ಧತಿ ಎಂಬುದು ಅವರ ನಂಬಿಕೆ. ಭಿನ್ನಮತ ಬರೆದ ಸ್ಟೀವನ್ಸ್, ತನ್ನ ಸ್ವಂತ ಹಣದಿಂದ ತನಗೆ ಬೇಕಾದ ವಕೀಲನನ್ನು ನೇಮಿಸಿಕೊಳ್ಳುವುದು ಪ್ರಜೆಯ ಸ್ವಾತಂತ್ರ್ಯ, ಅದನ್ನು ಕಾಪಾಡುವ ಹೆಸರಿನಲ್ಲಿ ಕಿತ್ತುಕೊಳ್ಳಬಾರದೆಂದರು. ಎರಡನ್ನೂ ಓದಿದ ಮೇಲೆ ನಾವು ಸ್ಟೀವನ್ಸರ ಕಡೆಗೇ ಒಲಿದೆವು. ಕೈಹಿಡಿಯುವ ಪದ್ಧತಿಯ ಒಳಗೆ ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೆ ರೆನ್‌ಕ್ವಿಸ್ಟರಷ್ಟು ನಂಬಿಕೆ ಉಳಿಯುವುದು ಕಷ್ಟ.

1988ರ ನವೆಂಬರಿನಲ್ಲಿ ಕಾಂಗ್ರೆಸ್ಸೇ ಕಟ್ಟು ಸಡಿಲಿಸಿತು. ಯೋಧರ ಮೇಲ್ಮನವಿಗೆಂದೇ ಒಂದು ನ್ಯಾಯಾಲಯ ಬಂತು, ಕೊನೆಯ ಹಂತದಲ್ಲಿ ವಕೀಲರಿಗೆ ಶುಲ್ಕ ಪಡೆಯುವ ಅವಕಾಶ ಬಂತು. 2006ರ ಕಾನೂನು ವಕೀಲರನ್ನು ಇನ್ನೂ ಮೊದಲ ಹಂತಕ್ಕೆ ಬಿಟ್ಟುಕೊಂಡಿತು. ಮಾನ್ಯತೆ ಪಡೆದ ವಕೀಲ ಅಥವಾ ಏಜೆಂಟ್ ಮಾತ್ರ ಸಹಾಯ ಮಾಡಬಹುದು, ಮೊದಲ ಅರ್ಜಿಗೆ ಯಾರೂ ಕಾಸು ತೆಗೆದುಕೊಳ್ಳಬಾರದು, ನಂತರದ ಹಂತದಲ್ಲಿ ಬಾಕಿ ಹಣದ 20 ಶೇಕಡಾವರೆಗಿನ ಶುಲ್ಕ ಸಮಂಜಸವೆಂದು ಭಾವಿಸಬಹುದು, ಮೂರನೆಯ ಒಂದು ಭಾಗ ಮೀರಿದರೆ ಅಸಮಂಜಸ. ಇಷ್ಟರವರೆಗೆ ಎಲ್ಲವೂ ಸೊಗಸು. ಆದರೆ ಅದೇ ಕಾನೂನು, ನಿಯಮ ಮೀರಿ ಶುಲ್ಕ ವಸೂಲು ಮಾಡಿದವನಿಗೆ 1862ರಿಂದ ಒಂದಲ್ಲ ಒಂದು ರೂಪದಲ್ಲಿ ಇದ್ದ ದಂಡ ಮತ್ತು ಸೆರೆವಾಸವನ್ನು ತೆಗೆದುಹಾಕಿತು. ನಿಯಮ ಉಳಿಯಿತು, ನಿಯಮ ಮುರಿದವನನ್ನು ಮುಟ್ಟುವ ಕೈ ಹೋಯಿತು. ಇಲಾಖೆ ಈಗ ಮಾಡಬಹುದಾದದ್ದು ನಿಲ್ಲಿಸೆಂದು ಪತ್ರ ಬರೆಯುವುದು, ಬೇರೆ ಇಲಾಖೆಗೆ ದೂರು ಕಳುಹಿಸುವುದು. ಅಂಥ ಪತ್ರಗಳ ತೂಕ ನಮಗೆ ಚೆನ್ನಾಗಿ ಗೊತ್ತು.

ಆ ತೆರವಿನೊಳಗೆ ಬಂದವರನ್ನು ಅಮೆರಿಕದ ಪತ್ರಿಕೆಗಳು ‘ಕ್ಲೇಮ್ ಶಾರ್ಕ್’ ಎನ್ನುತ್ತವೆ. ಇವರು ವಕೀಲರಲ್ಲ, ಮಾನ್ಯತೆ ಪಡೆದವರೂ ಅಲ್ಲ. ತಾವು ಅರ್ಜಿ ಹಾಕುವುದಿಲ್ಲ, ‘ಮಾರ್ಗದರ್ಶನ’ ಮಾತ್ರ ಕೊಡುತ್ತೇವೆ ಎನ್ನುತ್ತಾರೆ. ಅರ್ಜಿಯ ಮೇಲೆ ಅವರ ಹೆಸರಿರುವುದಿಲ್ಲ, ಸೈನಿಕನೇ ಸಹಿ ಮಾಡಿ ಕಳುಹಿಸುತ್ತಾನೆ. ಶುಲ್ಕದ ಒಪ್ಪಂದ ಹೀಗಿರುತ್ತದೆ: ಮಾಸಿಕ ಪರಿಹಾರ ಎಷ್ಟು ಹೆಚ್ಚಿತೋ ಅದರ ಐದು ಅಥವಾ ಆರು ಪಟ್ಟು. ತಿಂಗಳಿಗೆ 1,000 ಡಾಲರು ಏರಿದರೆ 6,000 ಡಾಲರು ಬಿಲ್ಲು. ಸಂಘಗಳ ಕಾರ್ಯಕರ್ತ ಇದೇ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತಿದ್ದ. ಕೆಲವು ಸಂಸ್ಥೆಗಳು ಸೈನಿಕನ ಖಾತೆಯ ಪಾಸ್‌ವರ್ಡನ್ನೂ ಕೇಳುತ್ತವೆ. 2022ರ ಆಗಸ್ಟ್ 10ರಂದು ಬಂದ ಪ್ಯಾಕ್ಟ್ ಕಾಯಿದೆ, ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರಿಗೆ ಪರಿಹಾರದ ಬಾಗಿಲು ತೆರೆಯಿತು. ಲಕ್ಷಾಂತರ ಹೊಸ ಅರ್ಜಿಗಳು. 1879ರ ಬಾಕಿ ಕಾನೂನಿನ ದಿನಗಳನ್ನು ಬಲ್ಲವರಿಗೆ ಮುಂದೇನೆಂದು ಊಹಿಸುವುದು ಕಷ್ಟವಿರಲಿಲ್ಲ.

ಈಗ ಕಾಂಗ್ರೆಸ್ಸಿನಲ್ಲಿ ಎರಡು ದಾರಿಗಳ ಮಸೂದೆಗಳು ಎದುರುಬದುರು ನಿಂತಿವೆ. ಒಂದು, ಕಿತ್ತುಹಾಕಿದ ಶಿಕ್ಷೆಯನ್ನು ಮತ್ತೆ ತರಬೇಕೆಂಬುದು. ಇನ್ನೊಂದು, ಈ ಸಂಸ್ಥೆಗಳಿಗೂ ಮಾನ್ಯತೆ ಕೊಟ್ಟು ಶುಲ್ಕಕ್ಕೆ ಮಿತಿ ಹಾಕಬೇಕೆಂಬುದು. ನ್ಯೂಜೆರ್ಸಿ, ಮೇನ್ ರಾಜ್ಯಗಳು ತಮ್ಮದೇ ತಡೆ ಕಾನೂನುಗಳನ್ನು ಮಾಡಿದವು. ಲೂಸಿಯಾನಾ ಮಿತಿ ಹಾಕಿ ಅನುಮತಿಸುವ ದಾರಿ ಹಿಡಿಯಿತು. ಸಲಹೆ ಕೊಡುವುದು ವಾಕ್ ಸ್ವಾತಂತ್ರ್ಯವೆಂದು ಸಂಸ್ಥೆಗಳ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಇದ್ದಾರೆ. ಸೈನಿಕ ವಯಸ್ಕ, ತಿಳಿದು ಒಪ್ಪಿದ್ದಾನೆ, ಸರ್ಕಾರದ ಕಚೇರಿ ನಿಧಾನ, ನಾವು ಬೇಗ ಮಾಡಿಕೊಡುತ್ತೇವೆ, ಆಯ್ಕೆ ಅವನದು ಎಂಬುದು ಅವರ ಮಾತು. 1790ರ ಸಭೆಯಲ್ಲಿ ಮ್ಯಾಡಿಸನ್ನರಿಗೆ ಎದುರಾದ ವಾದವೇ ಇದು. ಸ್ಟೀವನ್ಸರನ್ನು ಮೆಚ್ಚಿದ ನಾವು ಇಲ್ಲಿ ಏಕೆ ಹಿಂದೆಗೆಯುತ್ತೇವೆ ಎಂದು ಕೇಳಿದರೆ ಉತ್ತರ ಇಷ್ಟೆ. ವಕೀಲ ತಪ್ಪಿದರೆ ಅವನ ಸನ್ನದು ಹೋಗುತ್ತದೆ, ಸಂಘದ ಕಾರ್ಯಕರ್ತ ತಪ್ಪಿದರೆ ಮಾನ್ಯತೆ ಹೋಗುತ್ತದೆ. ಈ ಮೂರನೆಯವನು ತಪ್ಪಿದರೆ ಹೋಗುವುದಕ್ಕೆ ಅವನ ಬಳಿ ಏನೂ ಇಲ್ಲ. ಆದರೆ ಕಚೇರಿ ನಿಧಾನ ಎಂಬ ಅವರ ಮಾತಿಗೆ ನಮ್ಮ ಬಳಿ ಉತ್ತರವಿಲ್ಲ.

ನಮ್ಮ ದೇಶದ 1871ರ ಪಿಂಚಣಿ ಕಾಯಿದೆಯ 12ನೆಯ ಕಲಮು, ಬರಬೇಕಾದ ಪಿಂಚಣಿಯನ್ನು ಮುಂಚಿತವಾಗಿ ಯಾರಿಗಾದರೂ ಬರೆದುಕೊಟ್ಟ ಒಪ್ಪಂದ ಅಸಿಂಧು ಎನ್ನುತ್ತದೆ. ಆಂಗ್ಲರ ಕಾಲದ ಆ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ನಮ್ಮಲ್ಲಿ ಮಾಜಿ ಸೈನಿಕರಿಗೆ ಉಚಿತವಾಗಿ ಸಹಾಯ ಮಾಡಲು ಜಿಲ್ಲಾ ಮಟ್ಟದ ಸೈನಿಕ ಕಲ್ಯಾಣ ಕಚೇರಿಗಳಿವೆ. ಹಾಗಿದ್ದೂ ಒಂದು ನವೆಂಬರಿನಲ್ಲಿ ನಾವು ಕಂಡದ್ದನ್ನು ಹೇಳಿ ಮುಗಿಸುತ್ತೇವೆ. ಜೀವಂತ ಪ್ರಮಾಣಪತ್ರ ಸಲ್ಲಿಸುವ ತಿಂಗಳು ಅದು. ಕಚೇರಿಯೊಂದರ ಗೇಟಿನ ಹೊರಗೆ ಕೊಡೆಯ ಕೆಳಗೆ ಮೇಜು ಹಾಕಿಕೊಂಡು ಒಬ್ಬ ಕುಳಿತಿದ್ದ. ಅವನ ಮುಂದೆ ಬೆರಳ ಗುರುತಿನ ಯಂತ್ರ. ಸುಬೇದಾರರಾಗಿ ನಿವೃತ್ತರಾದ ಹಿರಿಯರೊಬ್ಬರ ಬೆರಳು ಸವೆದು ಯಂತ್ರ ಗುರುತಿಸುತ್ತಿರಲಿಲ್ಲ. ನಾಲ್ಕನೆಯ ಸಲಕ್ಕೆ ಹಸಿರು ದೀಪ ಹತ್ತಿತು. ಅವರು ಇನ್ನೂರು ರೂಪಾಯಿ ಎಣಿಸಿ ಕೊಟ್ಟರು. ಇದಕ್ಕೆ ದುಡ್ಡಿಲ್ಲ, ಒಳಗೆ ಬನ್ನಿ, ನಾವೇ ಮಾಡಿಕೊಡುತ್ತೇವೆ ಎಂದು ನಾವು ಅವರಿಗೆ ಹೇಳಿದೆವು. ಹಿರಿಯರು ನಮ್ಮ ಕೊರಳಿನ ಗುರುತಿನ ಚೀಟಿಯನ್ನು ನೋಡಿ ನಕ್ಕರು. ‘ಒಳಗೆ ಹೋಗಿಯೇ ಬಂದೆ, ಸ್ವಾಮಿ. ಊಟದ ಹೊತ್ತು, ಮೂರು ಗಂಟೆಗೆ ಬನ್ನಿ ಎಂದರು’ ಎಂದು ಹೇಳಿ, ರಸೀದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಸ್ಸಿನ ಕಡೆಗೆ ನಡೆದರು.